ತ್ರಿಭುಜ ತಿರುಗಿಸುವ ಲೆಕ್ಕ: ಸೂತ್ರ ಸರಿ, ಉತ್ತರ ತಪ್ಪು. ಎಲ್ಲಿ ಎಡವುತ್ತಿದ್ದೇವೆ?

ಜಯನಗರದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು 9ನೇ ಕ್ಲಾಸು, ಐಜಿಸಿಎಸ್‌ಇ ಅನ್ನುವ ಅಂತರರಾಷ್ಟ್ರೀಯ ಪಠ್ಯಕ್ರಮ ಓದುತ್ತಿದ್ದಾಳೆ. ನಿನ್ನೆ ರಾತ್ರಿ ಊಟ ಆದ ಮೇಲೆ ಒಂದು ಲೆಕ್ಕ ಹಿಡಿದು ಕೂತವಳು ಹತ್ತೂವರೆ ಆದರೂ ಏಳಲಿಲ್ಲ. ಅಳಿಸಿ ಅಳಿಸಿ ಗ್ರಾಫ್ ಹಾಳೆಯೇ ತೂತು ಬಿದ್ದಿದೆ.

ಲೆಕ್ಕ ಇದು. ತ್ರಿಭುಜದ ಶೃಂಗಗಳು ಎ (2, 1), ಬಿ (5, 1), ಸಿ (5, 3). ಇದನ್ನು (1, 2) ಬಿಂದುವಿನ ಸುತ್ತ ಪ್ರದಕ್ಷಿಣವಾಗಿ 90 ಡಿಗ್ರಿ ತಿರುಗಿಸಬೇಕು.

ಕ್ಲಾಸಿನಲ್ಲಿ ಸೂತ್ರದ ಚೀಟಿ ಕೊಟ್ಟಿದ್ದಾರೆ. ಪ್ರದಕ್ಷಿಣ 90 ಆದರೆ (ಎಕ್ಸ್, ವೈ) ಹೋಗಿ (ವೈ, −ಎಕ್ಸ್) ಆಗುತ್ತದೆ ಅಂತ. ಅವಳು ಹಾಗೇ ಹಾಕಿದಳು: (1, −2), (1, −5), (3, −5). ಪುಸ್ತಕದ ಹಿಂದಿರುವ ಉತ್ತರ ಬೇರೆ: (0, 1), (0, −2), (2, −2). ಹತ್ತು ಸಲ ನೋಡಿದೆವು. ಸೂತ್ರ ಸರಿ ಇದೆ, ಗುರುತು ಹಾಕಿದ್ದೂ ಸರಿ ಇದೆ. ನಾನು ಓದಿದ್ದು ಕನ್ನಡ ಮಾಧ್ಯಮ. ಎಸ್ಸೆಸ್ಸೆಲ್ಸಿಯಲ್ಲಿ ದೂರದ ಸೂತ್ರ ಇತ್ತು, ಈ ತಿರುಗಿಸುವುದು ಇರಲೇ ಇಲ್ಲ.

ಕೊನೆಗೆ "ನಂಗೆ ಮ್ಯಾಥ್ಸ್ ಬರಲ್ಲ ಬಿಡಮ್ಮ" ಅಂದು ಮಲಗಿಬಿಟ್ಟಳು. ಲೆಕ್ಕ ತಪ್ಪಿದ್ದಕ್ಕಿಂತ ಆ ಮಾತು ನನಗೆ ಜಾಸ್ತಿ ನೋವಾಯಿತು. ಯಾರಾದರೂ ಬಿಡಿಸಿ ಹೇಳುತ್ತೀರಾ?

ಸೊನ್ನೆ_ಒಂದು
ಆ ಸೂತ್ರ ಮೂಲಬಿಂದುವಿನ, ಅಂದರೆ (0, 0)ರ, ಸುತ್ತ ತಿರುಗಿಸಿದಾಗ ಮಾತ್ರ. ಇಲ್ಲಿ ಕೇಂದ್ರ (1, 2). ಅಷ್ಟೇ.

ಟ್ಯೂಷನ್ ಸರ್
ಸೊನ್ನೆ_ಒಂದು ಹೇಳಿದ್ದು ಸರಿ. ಮೂರು ಹೆಜ್ಜೆ ಮೇಡಂ. ಮೊದಲು ಪ್ರತಿ ಬಿಂದುವಿನಿಂದ (1, 2) ಕಳೆಯಿರಿ. ಬಂದದ್ದಕ್ಕೆ ಸೂತ್ರ ಹಾಕಿ. ಆಮೇಲೆ (1, 2) ವಾಪಸ್ ಕೂಡಿಸಿ.

ಎ: (2, 1) ಕಳೆದರೆ (1, −1). ಸೂತ್ರ ಹಾಕಿದರೆ (−1, −1). ಕೂಡಿಸಿದರೆ (0, 1). ಪುಸ್ತಕದ ಉತ್ತರವೇ ಬಂತು. ಬಿ, ಸಿ ಕೂಡ ಹೀಗೇ. ಇದನ್ನು ಬಾಯಿಪಾಠ ಮಾಡಿಸಿಬಿಡಿ, ಪರೀಕ್ಷೆಯಲ್ಲಿ ಎರಡು ನಿಮಿಷದ ಕೆಲಸ.

ಹಳ್ಳಿಶಾಲೆ ಮೇಷ್ಟ್ರು
ಟ್ಯೂಷನ್ ಸರ್, ನಿಮ್ಮ ಲೆಕ್ಕ ಸರಿ. ಆದರೆ ಆ ಹುಡುಗಿ ಈಗಾಗಲೇ ಒಂದು ಚೀಟಿ ಬಾಯಿಪಾಠ ಮಾಡಿಯೇ ಎಡವಿದ್ದಾಳೆ. ಅದರ ಮೇಲೆ ಇನ್ನೊಂದು ಚೀಟಿ ಯಾಕೆ?

ಅಮ್ಮಾ, ನಾನು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ನಮ್ಮ ಪಠ್ಯದಲ್ಲಿ ಈ ಲೆಕ್ಕ ಹೀಗೆ ಬರುವುದಿಲ್ಲ, ಸಮ್ಮಿತಿ ಪಾಠದಲ್ಲಿ ಆಕೃತಿ ತಿರುಗಿಸುವುದು ಬರುತ್ತದೆ. ಆಗ ನಾನು ಮಾಡುವುದನ್ನು ಹೇಳುತ್ತೇನೆ. ಖರ್ಚೇನೂ ಇಲ್ಲ.

ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ಗ್ರಾಫಿನ ಅಳತೆಗೇ ಆ ತ್ರಿಭುಜ ಕತ್ತರಿಸಿ. ಒಂದು ಪೊರಕೆ ಕಡ್ಡಿ ತಗೊಂಡು ಅದರ ಒಂದು ತುದಿಯನ್ನು ತ್ರಿಭುಜಕ್ಕೆ ಗೋಂದು ಹಾಕಿ ಅಂಟಿಸಿ. ಇನ್ನೊಂದು ತುದಿ (1, 2) ಮೇಲೆ ಬರಬೇಕು. ಅಲ್ಲಿ ಗುಂಡುಪಿನ್ನು ಚುಚ್ಚಿ. ಕೆಳಗೆ ಒಂದು ಥರ್ಮಾಕೋಲ್ ತುಂಡು ಇದ್ದರೆ ಪಿನ್ನು ಗಟ್ಟಿಯಾಗಿ ನಿಲ್ಲುತ್ತದೆ. ಈಗ ಮಗಳ ಕೈಯಲ್ಲೇ ಕಡ್ಡಿ ತಿರುಗಿಸಲು ಹೇಳಿ. ಗಡಿಯಾರದ ಮುಳ್ಳು ಹೋಗುವ ಕಡೆಗೆ, ಕಾಲು ಸುತ್ತು. ತ್ರಿಭುಜ ಎಲ್ಲಿ ಬಂದು ಕೂತಿತೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆಯಲಿ.

ಆಮೇಲೆ ಪಿನ್ನು ಕಿತ್ತು, ಕಡ್ಡಿಯ ಬದಲು ಉದ್ದದ ಇನ್ನೊಂದು ಕಡ್ಡಿ ಅಂಟಿಸಿ, ಮೂಲಬಿಂದುವಿನಲ್ಲಿ ಪಿನ್ನು ಚುಚ್ಚಿ ಮತ್ತೆ ತಿರುಗಿಸಲಿ. ಅವಳು ಬರೆದ "ತಪ್ಪು" ಉತ್ತರ ಅಲ್ಲಿ ಸಿಗುತ್ತದೆ. ಅವಳು ಮಾಡಿದ್ದು ತಪ್ಪು ಲೆಕ್ಕ ಅಲ್ಲ, ಬೇರೆ ಪಿನ್ನಿನ ಲೆಕ್ಕ. ದಯವಿಟ್ಟು ಇದನ್ನು ಅವಳಿಗೆ ಹೇಳಿ.

ಜಯನಗರದ ಅಮ್ಮ
"ಬೇರೆ ಪಿನ್ನಿನ ಲೆಕ್ಕ." ಮೇಷ್ಟ್ರೇ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಸಂಜೆ ಅವಳು ಬಂದ ಮೇಲೆ ಕೂರಿಸಿಕೊಂಡು ಮಾಡುತ್ತೇನೆ.

ನ್ಯೂಜೆರ್ಸಿ ಅಪ್ಪ
ಇಲ್ಲಿ ಅಮೆರಿಕದಲ್ಲಿ ಕಾಮನ್ ಕೋರ್ ಅನ್ನುವ ಶಾಲಾ ಕಲಿಕೆಯ ಮಾನದಂಡ ಇರುವ ಕಡೆ ಇದು 8ನೇ ತರಗತಿಯಲ್ಲೇ ಬರುತ್ತದೆ. ಸರಿಸುವುದು, ತಿರುಗಿಸುವುದು, ಕನ್ನಡಿಯಲ್ಲಿ ಕಂಡ ಹಾಗೆ ಮಗುಚುವುದು, ಹಿಗ್ಗಿಸುವುದು, ನಾಲ್ಕೂ. ಸರ್ವಸಮತೆ ಅಂದರೆ ಏನು ಅಂತ ಹೇಳುವುದೇ ಇದರ ಮೂಲಕ: ಒಂದು ಆಕೃತಿಯನ್ನು ಸರಿಸಿ, ತಿರುಗಿಸಿ, ಮಗುಚಿ ಇನ್ನೊಂದರ ಮೇಲೆ ಕೂರಿಸಲು ಆದರೆ ಎರಡೂ ಸರ್ವಸಮ. ನಾವು ಊರಲ್ಲಿ ಬಾಹು-ಕೋನ-ಬಾಹು, ಬಾಹು-ಬಾಹು-ಬಾಹು ಅಂತ ಬರೆದುಕೊಂಡು ಬಂದವರು. ಮಗನಿಗೆ ಹೇಳಿಕೊಡಲು ಹೋಗಿ ನಾನೇ ಮೊದಲಿಂದ ಕಲಿಯಬೇಕಾಯಿತು.

ನನ್ನದೊಂದು ಸಲಹೆ. ಅನುಮಾನ ಬಂದರೆ (1, 0) ಬಿಂದು ಹಾಕಿ ಸೂತ್ರ ಪರೀಕ್ಷಿಸಿ. ಅಪ್ರದಕ್ಷಿಣ 90 ತಿರುಗಿಸಿದರೆ ಅದು (0, 1) ಆಗಬೇಕು. ಹಾಗೆ ಬಂದರೆ ಸೂತ್ರ ಸರಿ.

ಪಿಯು ಹುಡುಗ
ಅಂಕಲ್, ಒಂದು ಬಿಂದು ಸಾಲದು. (ಎಕ್ಸ್, ವೈ) ಅನ್ನು ಸುಮ್ನೆ (ವೈ, ಎಕ್ಸ್) ಅಂತ ಅದಲು ಬದಲು ಮಾಡಿದರೂ (1, 0) ಹೋಗಿ (0, 1) ಆಗುತ್ತದೆ. ಅದು ತಿರುಗಿಸಿದ್ದಲ್ಲ, ಮಗುಚಿದ್ದು! (0, 1) ಕೂಡ ಹಾಕಿ ನೋಡಬೇಕು. ಅದು (−1, 0) ಆಗಬೇಕು.

ನ್ಯೂಜೆರ್ಸಿ ಅಪ್ಪ
ಹೌದಲ್ಲ! ಒಪ್ಪಿದೆ. ಎರಡೂ ಬಿಂದು ನೋಡಬೇಕು. ಥ್ಯಾಂಕ್ಸ್ ಪುಟ್ಟ.

ಹಳ್ಳಿಶಾಲೆ ಮೇಷ್ಟ್ರು
ಶಭಾಷ್. ಮಗುಚಿದ್ದಾ ತಿರುಗಿಸಿದ್ದಾ ಅಂತ ತಿಳಿಯಲು ಇನ್ನೊಂದು ದಾರಿ ಇದೆ. ಎ, ಬಿ, ಸಿ ಅಂತ ಬೆರಳಿಟ್ಟು ಸುತ್ತಿ. ಮೂಲ ತ್ರಿಭುಜದಲ್ಲಿ ಬೆರಳು ಯಾವ ಕಡೆ ಸುತ್ತಿತೋ ಹೊಸದರಲ್ಲೂ ಅದೇ ಕಡೆ ಸುತ್ತಬೇಕು. ಉಲ್ಟಾ ಸುತ್ತಿದರೆ ಎಲ್ಲೋ ಕನ್ನಡಿ ನುಸುಳಿದೆ ಅಂತ ಅರ್ಥ.

ಟ್ಯೂಷನ್ ಸರ್
ಮೇಷ್ಟ್ರೇ, ನಿಮ್ಮ ಕಡ್ಡಿ ಪಿನ್ನು ಚೆನ್ನಾಗಿದೆ, ಗೌರವ ಇದೆ. ಆದರೆ ಪರೀಕ್ಷಾ ಹಾಲ್‌ಗೆ ಪೊರಕೆ ಕಡ್ಡಿ ತಗೊಂಡು ಹೋಗಲು ಆಗುವುದಿಲ್ಲ. ನನ್ನ ಹತ್ತಿರ ಬರುವ ಮಕ್ಕಳಲ್ಲಿ ಅರ್ಧ ಜನ ಗಣಿತ ಅಂದರೆ ನಡುಗುವವರು. ಅವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಸೂತ್ರ ಒಂದು ಊರುಗೋಲು. ನಡೆಯಲು ಬಂದ ಮೇಲೆ ಬಿಡಲಿ. ಮೊದಲೇ ಕಿತ್ತುಕೊಂಡರೆ ಬೀಳುತ್ತಾರೆ.

ಮೈಸೂರು_ಮ್ಯಾಥ್ಸ್
ಕಡ್ಡಿ ಬೇಡ, ಆದರೆ ಐಜಿಸಿಎಸ್‌ಇ ಪರೀಕ್ಷೆಗೆ ಟ್ರೇಸಿಂಗ್ ಪೇಪರ್ ಬಳಸಬಹುದು. ಇದು ಎಷ್ಟೋ ಪೋಷಕರಿಗೆ ಗೊತ್ತಿಲ್ಲ. ಆಕೃತಿಯನ್ನು ನಕಲು ಇಳಿಸಿ, ಕೇಂದ್ರದ ಮೇಲೆ ಪೆನ್ಸಿಲ್ ಮೊನೆ ಒತ್ತಿ ಹಿಡಿದು, ಹಾಳೆ ತಿರುಗಿಸುವುದು. ಕೇಂದ್ರದಿಂದ ಮೇಲಕ್ಕೆ ಒಂದು ಸಣ್ಣ ಬಾಣವನ್ನೂ ಬರೆದುಕೊಂಡರೆ 90 ಆಯಿತೋ ಇಲ್ಲವೋ ಅಂತ ಬಾಣವೇ ಹೇಳುತ್ತದೆ: ಬಾಣ ನೇರ ಬಲಕ್ಕೆ ತಿರುಗಿದರೆ ಪ್ರದಕ್ಷಿಣ ಕಾಲು ಸುತ್ತು ಮುಗಿಯಿತು.

ಇನ್ನೊಂದು ಮಾತು ನೆನಪಿರಲಿ. "ಈ ರೂಪಾಂತರವನ್ನು ಪೂರ್ತಿಯಾಗಿ ವಿವರಿಸಿ" ಅಂತ ಕೇಳಿದರೆ ತಿರುಗಿಸಿದ್ದು, ಎಷ್ಟು ಡಿಗ್ರಿ ಯಾವ ಕಡೆಗೆ, ಯಾವ ಕೇಂದ್ರ, ಮೂರನ್ನೂ ಬರೆಯಬೇಕು. ಮಕ್ಕಳು ಕೇಂದ್ರವನ್ನೇ ಬಿಡುತ್ತಾರೆ. "ಮೊದಲು ತಿರುಗಿಸಿ ಆಮೇಲೆ ಸರಿಸಿದೆ" ಅಂತ ಎರಡು ರೂಪಾಂತರ ಬರೆದರಂತೂ ಅಂಕವೇ ಇಲ್ಲ. ಒಂದೇ ಬೇಕು ಅಂತ ಪ್ರಶ್ನೆಯಲ್ಲೇ ಇರುತ್ತದೆ.

ಚುಕ್ಕಿ ಗೌರಮ್ಮ
ನನಗೆ ಈ ಎಕ್ಸ್ ವೈ ಗೊತ್ತಿಲ್ಲ. ಆದರೆ ತಿರುಗಿಸುವುದು ಗೊತ್ತು. ಚುಕ್ಕಿ ರಂಗೋಲಿ ಹಾಕುವಾಗ ನಾವು ಕಾಲು ಭಾಗ ಮಾತ್ರ ಯೋಚಿಸುತ್ತೇವೆ. ನಡುವಿನ ಚುಕ್ಕಿಯಿಂದ ಬಲಕ್ಕೆ ಎರಡು, ಮೇಲಕ್ಕೆ ಒಂದು ಹೋಗಿ ಎಳೆ ಬಾಗಿಸಿದೆ ಅಂದುಕೊಳ್ಳಿ. ನಾನು ಎದ್ದು ಪಕ್ಕಕ್ಕೆ ಬಂದು ಕೂತು ಅದನ್ನೇ ಹಾಕುತ್ತೇನೆ: ಬಲಕ್ಕೆ ಎರಡು, ಮೇಲಕ್ಕೆ ಒಂದು. ನಾಲ್ಕು ಕಡೆ ಕೂತರೆ ರಂಗೋಲಿ ಮುಗಿಯಿತು. ಚುಕ್ಕಿ ಜಾಗ ಬಿಟ್ಟು ಹೋಗಿಲ್ಲ, ನಾನು ತಿರುಗಿದೆ. ಸೂತ್ರ ಎಲ್ಲಿ ಬೇಕು?

ಹಳ್ಳಿಶಾಲೆ ಮೇಷ್ಟ್ರು
ಗೌರಮ್ಮನವರೇ, ಇದನ್ನೇ ನಾನು ಹೇಳಬೇಕಿತ್ತು! ಎಲ್ಲರೂ ಇದನ್ನು ಇನ್ನೊಂದು ಸಲ ಓದಿ.

"ನಡುವಿನ ಚುಕ್ಕಿಯಿಂದ." ಇಡೀ ಲೆಕ್ಕ ಈ ಮಾತಿನಲ್ಲಿದೆ. ಬಿಂದು ಎಲ್ಲಿದೆ ಅಂತ ಮೂಲಬಿಂದುವಿನಿಂದ ಎಣಿಸಬೇಡಿ, ಕೇಂದ್ರದಿಂದ ಎಣಿಸಿ. ಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿದರೆ ಬಲ ಇದ್ದದ್ದು ಕೆಳಗಾಗುತ್ತದೆ, ಕೆಳಗಿದ್ದದ್ದು ಎಡ, ಎಡ ಇದ್ದದ್ದು ಮೇಲೆ, ಮೇಲಿದ್ದದ್ದು ಬಲ. ಕೈ ಚಾಚಿ ಗಾಳಿಯಲ್ಲೇ ತಿರುಗಿಸಿ ನೋಡಿದರೆ ಸಾಕು.

ಈಗ ಆ ಲೆಕ್ಕ. (1, 2)ರಿಂದ ಎಗೆ ಹೋಗಲು 1 ಬಲಕ್ಕೆ, 1 ಕೆಳಕ್ಕೆ. ತಿರುಗಿಸಿದರೆ 1 ಕೆಳಕ್ಕೆ, 1 ಎಡಕ್ಕೆ. ಬಂತು (0, 1). ಬಿಗೆ 4 ಬಲಕ್ಕೆ, 1 ಕೆಳಕ್ಕೆ. ತಿರುಗಿಸಿದರೆ 4 ಕೆಳಕ್ಕೆ, 1 ಎಡಕ್ಕೆ. (0, −2). ಸಿಗೆ 4 ಬಲಕ್ಕೆ, 1 ಮೇಲಕ್ಕೆ. ತಿರುಗಿಸಿದರೆ 4 ಕೆಳಕ್ಕೆ, 1 ಬಲಕ್ಕೆ. (2, −2). ಸೂತ್ರ ಇಲ್ಲ, ಋಣ ಚಿಹ್ನೆಯ ಗಾಬರಿ ಇಲ್ಲ. ಟ್ಯೂಷನ್ ಸರ್, ಪರೀಕ್ಷಾ ಹಾಲ್‌ಗೆ ಇದನ್ನು ತಗೊಂಡು ಹೋಗಬಹುದು ಅಲ್ವಾ?

ಟ್ಯೂಷನ್ ಸರ್
ಇದನ್ನು ಒಪ್ಪುತ್ತೇನೆ. ನನ್ನ ಕಳೆ-ಸೂತ್ರ-ಕೂಡು ಇದೇ ಆದರೂ ಮಕ್ಕಳ ಬಾಯಿಗೆ ಇದು ಹತ್ತಿರ. ನಾಳೆಯ ಬ್ಯಾಚಿಗೆ ಹೀಗೇ ಹೇಳಿ ನೋಡುತ್ತೇನೆ. ಆದರೆ 90, 180, 270 ಬಿಟ್ಟು ಬೇರೆ ಕೋನ ಬಂದರೆ ಬಲ-ಕೆಳಗೆ ಕೆಲಸ ಮಾಡುವುದಿಲ್ಲ, ಆಗ ಸೈನ್ ಕಾಸ್ ಬೇಕೇ ಬೇಕು.

ಕೋಡ್ ಬರೆಯುವವಳು
ನನಗೆ ಒಂದು ಗೊಂದಲ. ನಾನು ವೆಬ್ ಪುಟಗಳ ಕೆಲಸ ಮಾಡುತ್ತೇನೆ. ಪುಟದ ರೂಪ ಹೇಗಿರಬೇಕು ಅಂತ ಬರೆಯುವ ಸಿಎಸ್‌ಎಸ್ ಭಾಷೆಯಲ್ಲಿ 90 ಡಿಗ್ರಿ ತಿರುಗಿಸು ಅಂದರೆ ಪ್ರದಕ್ಷಿಣವಾಗಿ ತಿರುಗುತ್ತದೆ. ಆದರೆ ಗಣಿತದಲ್ಲಿ ಧನ 90 ಅಂದರೆ ಅಪ್ರದಕ್ಷಿಣ ಅನ್ನುತ್ತೀರಿ. ಯಾವುದು ಸರಿ?

ಪಿಯು ಹುಡುಗ
ಅಕ್ಕ, ಎರಡೂ ಒಂದೇ. ಧನ ತಿರುಗು ಅಂದರೆ ಧನ ಎಕ್ಸ್ ಅಕ್ಷದಿಂದ ಧನ ವೈ ಅಕ್ಷದ ಕಡೆಗೆ. ಗ್ರಾಫಿನಲ್ಲಿ ವೈ ಮೇಲಕ್ಕೆ ಹೋಗುತ್ತದೆ, ಹಾಗಾಗಿ ಅಪ್ರದಕ್ಷಿಣ. ಸ್ಕ್ರೀನಿನಲ್ಲಿ ಮೂಲಬಿಂದು ಎಡಗಡೆ ಮೇಲಿನ ಮೂಲೆ, ವೈ ಕೆಳಕ್ಕೆ ಹೋಗುತ್ತದೆ. ಧನ 90ರ ಅದೇ ಸೂತ್ರ (−ವೈ, ಎಕ್ಸ್) ಹಾಕಿದರೂ ಕಣ್ಣಿಗೆ ಪ್ರದಕ್ಷಿಣವಾಗಿ ಕಾಣುತ್ತದೆ.

ಮಕ್ಕಳು ಕೋಡಿಂಗ್ ಕಲಿಯುವ ಸ್ಕ್ರ್ಯಾಚ್‌ನಲ್ಲಿ ಮತ್ತೆ ಬೇರೆ. ಅಲ್ಲಿ ನಡುವೆ (0, 0), ಎಕ್ಸ್ −240ರಿಂದ 240, ವೈ −180ರಿಂದ 180, ಮೇಲಕ್ಕೇ ಹೋಗುತ್ತದೆ. ಆದರೆ ದಿಕ್ಕು ಎಣಿಸುವುದು ದಿಕ್ಸೂಚಿ ಹಾಗೆ: ಮೇಲೆ 0, ಬಲಕ್ಕೆ 90. ನನ್ನ ತಂಗಿ ಕೇಂದ್ರ ಅಂದರೆ ಏನು ಅಂತ ಕಲಿತದ್ದೇ ಅಲ್ಲಿ. ಬೆಕ್ಕಿನ ಚಿತ್ರವನ್ನು ಕಾಸ್ಟ್ಯೂಮ್ ತಿದ್ದುವ ಜಾಗದಲ್ಲಿ ನಡುವಿನ ಗುರುತಿನಿಂದ ದೂರ ಎಳೆದಿಟ್ಟಳು. ಆಮೇಲೆ ತಿರುಗು ಅಂದರೆ ಬೆಕ್ಕು ನಿಂತಲ್ಲೇ ತಿರುಗುವುದು ಬಿಟ್ಟು ದೊಡ್ಡ ಸುತ್ತು ಹೊಡೆಯಿತು.

ಶಿರಸಿ ಭಟ್ರು
ಗಣಿತದವರು ಯಾಕೆ ಅಪ್ರದಕ್ಷಿಣವನ್ನು ಧನ ಅಂದರೋ. ನಮಗೆ ದೇವಸ್ಥಾನದಲ್ಲಿ ಪ್ರದಕ್ಷಿಣೆಯೇ ಸರಿಯಾದ ದಿಕ್ಕು. ದೇವರು ಯಾವಾಗಲೂ ನಮ್ಮ ಬಲಗಡೆಗೆ. ದಕ್ಷಿಣ ಅಂದರೆ ಬಲಗಡೆ ಅಂತಲೂ ಅರ್ಥ, ಹೆಸರಿನಲ್ಲೇ ಇದೆ.

ಮೈಸೂರು_ಮ್ಯಾಥ್ಸ್
ಭಟ್ರೇ, ಇದು ಕ್ಲಾಸಿನಲ್ಲಿ ತುಂಬ ಕೆಲಸಕ್ಕೆ ಬರುವ ಮಾತು. ಮೇಲಿನಿಂದ ನೋಡಿದರೆ ಬಲಕ್ಕೆ ಕೇಂದ್ರ ಇಟ್ಟುಕೊಂಡು ನಡೆಯುವುದು ಗಡಿಯಾರದ ದಿಕ್ಕೇ. ಡಿಜಿಟಲ್ ಗಡಿಯಾರ ನೋಡಿ ಬೆಳೆದ ಮಕ್ಕಳಿಗೆ ಮುಳ್ಳಿನ ದಿಕ್ಕು ಥಟ್ ಅಂತ ನೆನಪಾಗುವುದಿಲ್ಲ, ಪ್ರದಕ್ಷಿಣೆ ನೆನಪಾಗುತ್ತದೆ. ಧನ ಋಣ ಅನ್ನುವುದು ಇಲ್ಲಿ ಒಳ್ಳೆಯದು ಕೆಟ್ಟದ್ದು ಅಲ್ಲ, ಅಕ್ಷಗಳನ್ನು ಹೇಗೆ ಬರೆದೆವು ಅನ್ನುವುದರಿಂದ ಬಂದದ್ದು.

ಪಿಯು ಹುಡುಗ
ನನಗೆ ಇಷ್ಟವಾದ ಇನ್ನೊಂದು ವಿಷಯ ಹೇಳಲೇಬೇಕು. ಫಸ್ಟ್ ಪಿಯುನಲ್ಲಿ ಸಂಮಿಶ್ರ ಸಂಖ್ಯೆ ಬಂದಾಗ ಐ ವರ್ಗ = −1 ಅಂತ ಸುಮ್ನೆ ಒಪ್ಪಿಕೊಂಡಿದ್ದೆ. ಆಮೇಲೆ ಒಂದು ದಿನ (ಎಕ್ಸ್ + ಐ ವೈ) ಅನ್ನು ಐನಿಂದ ಗುಣಿಸಿ ನೋಡಿದೆ. ಬಂದದ್ದು −ವೈ + ಐ ಎಕ್ಸ್. ಅಂದರೆ (−ವೈ, ಎಕ್ಸ್)! ಐನಿಂದ ಗುಣಿಸುವುದು ಅಂದರೆ ಕಾಲು ಸುತ್ತು ತಿರುಗಿಸುವುದು. ಎರಡು ಸಲ ಗುಣಿಸಿದರೆ ಅರ್ಧ ಸುತ್ತು, ಅದೇ −1. ಅವತ್ತು ಬಸ್ಸಲ್ಲಿ ಮನೆಗೆ ಬರುವಾಗ ಪೂರ್ತಿ ಅದೇ ಯೋಚನೆ.

ಹಳ್ಳಿಶಾಲೆ ಮೇಷ್ಟ್ರು
ಸಂಮಿಶ್ರ ಸಂಖ್ಯೆಯನ್ನು ಸಮತಲದ ಮೇಲೆ ಬಿಂದುವಾಗಿ ನೋಡುವುದನ್ನು ಆರ್ಗಾಂಡ್ 1806ರಲ್ಲಿ ಪ್ರಕಟಿಸಿದರು, ಅದಕ್ಕೇ ಅದಕ್ಕೆ ಆರ್ಗಾಂಡ್ ಸಮತಲ ಅನ್ನುವ ಹೆಸರು. ಅವರಿಗಿಂತ ಮೊದಲೇ, 1799ರಲ್ಲಿ, ವೆಸೆಲ್ ಅನ್ನುವವರ ಬರಹ ಅಚ್ಚಾಗಿತ್ತು. ವೆಸೆಲ್ ಭೂಮಾಪಕರು, ಜಮೀನು ಅಳೆದು ನಕ್ಷೆ ಬರೆಯುವ ಕೆಲಸ. ದಿಕ್ಕು ತಿರುಗಿಸುವುದು ಅವರ ದಿನದ ಕೆಲಸವಾಗಿತ್ತು.

ಚುಕ್ಕಿ ಗೌರಮ್ಮ
ನನ್ನದೊಂದು ಪ್ರಶ್ನೆ. ನೇರ ಚುಕ್ಕಿ ಆದರೆ ನಾಲ್ಕು ಕಡೆ ಕೂರುತ್ತೇನೆ. ಒಂದು ಸಾಲಿನ ಚುಕ್ಕಿಗಳ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಇಡುವ ಸಂದು ಚುಕ್ಕಿ ಏಳರಿಂದ ನಾಲ್ಕಕ್ಕೆ ಇಳಿಸಿದರೆ ಆರು ಕಡೆ ಕೂರುತ್ತೇನೆ. ಆರು ಮೂಲೆ ಬರುತ್ತದೆ. ಆ ಆರು ತಿರುಗು ನಿಮ್ಮ ಗ್ರಾಫ್ ಹಾಳೆಯಲ್ಲಿ ಯಾಕೆ ಇಲ್ಲ?

ಮೈಸೂರು_ಮ್ಯಾಥ್ಸ್
ಗೌರಮ್ಮನವರೇ, ಶಾಲೆಯ ಪುಸ್ತಕಗಳು 90ರಲ್ಲೇ ಯಾಕೆ ನಿಲ್ಲುತ್ತವೆ ಅನ್ನುವುದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಆರು ಕಡೆ ಅಂದರೆ 60 ಡಿಗ್ರಿ. ಗ್ರಾಫ್ ಹಾಳೆಯ ಗೆರೆ ಗೆರೆ ಕೂಡುವ ಜಾಗಗಳು ನಿಮ್ಮ ನೇರ ಚುಕ್ಕಿ. (2, 0) ಅನ್ನು ಮೂಲಬಿಂದುವಿನ ಸುತ್ತ 60 ಡಿಗ್ರಿ ತಿರುಗಿಸಿದರೆ (1, √3) ಬರುತ್ತದೆ. √3 ಅಂದರೆ ಸುಮಾರು 1.732. ಚುಕ್ಕಿಯ ಮೇಲೆ ಕೂರುವುದೇ ಇಲ್ಲ. ನೇರ ಚುಕ್ಕಿಯಲ್ಲಿ ಮೂರು ಚುಕ್ಕಿ ಆರಿಸಿ ಸಮಬಾಹು ತ್ರಿಭುಜ ಮಾಡಲು ಸಾಧ್ಯವೇ ಇಲ್ಲ, ಎಷ್ಟು ದೊಡ್ಡ ಹಾಳೆ ತಂದರೂ ಅಷ್ಟೇ.

ನ್ಯೂಜೆರ್ಸಿ ಅಪ್ಪ
ಎಷ್ಟು ದೊಡ್ಡ ಹಾಳೆ ತಂದರೂ? ಅದು ಹೇಗೆ ಹೇಳುತ್ತೀರಿ?

ಮೈಸೂರು_ಮ್ಯಾಥ್ಸ್
ವಿಸ್ತೀರ್ಣ ನೋಡಿ. ಶೃಂಗಗಳೆಲ್ಲ ಪೂರ್ಣಾಂಕವಾದರೆ ನಿರ್ದೇಶಾಂಕದ ಸೂತ್ರದಿಂದ ಬರುವ ವಿಸ್ತೀರ್ಣ ಪೂರ್ಣಾಂಕ ಅಥವಾ ಅದರ ಅರ್ಧ. ಸಮಬಾಹು ತ್ರಿಭುಜದ ವಿಸ್ತೀರ್ಣ ಬಾಹುವಿನ ವರ್ಗದ √3/4 ಪಟ್ಟು. ಬಾಹುವಿನ ವರ್ಗ ದೂರದ ಸೂತ್ರದಿಂದ ಪೂರ್ಣಾಂಕವೇ. ಆಗ ಒಂದು ಕಡೆ ಭಾಗಲಬ್ಧ ಸಂಖ್ಯೆ, ಅಂದರೆ ಭಿನ್ನರಾಶಿಯಾಗಿ ಬರೆಯಲು ಆಗುವಂಥದ್ದು, ಇನ್ನೊಂದು ಕಡೆ √3 ಅಂಟಿಕೊಂಡು ಹಾಗೆ ಬರೆಯಲು ಆಗದ ಸಂಖ್ಯೆ. ಎರಡೂ ಒಂದೇ ಆಗಲು ಸಾಧ್ಯವಿಲ್ಲ.

ಚುಕ್ಕಿ ಗೌರಮ್ಮ
ಅದಕ್ಕೇ ನಮ್ಮ ಅಜ್ಜಿ ಆರು ಮೂಲೆಗೆ ಸಂದು ಚುಕ್ಕಿಯೇ ಇಡು ಅನ್ನುತ್ತಿದ್ದದ್ದು.

ಜಯನಗರದ ಅಮ್ಮ
ಬಂದೆ, ಬಂದೆ. ಕಡ್ಡಿ ಪಿನ್ನು ಎಲ್ಲ ಮಾಡಿದೆವು! ರಟ್ಟು ಸಿಗದೆ ಬಿಸ್ಕತ್ ಪ್ಯಾಕಿನ ಡಬ್ಬ ಕತ್ತರಿಸಿದೆವು. ಮೊದಲ ಸಲ ಕಡ್ಡಿ ಜಾರಿತು, ಎರಡನೇ ಸಲ (0, 1), (0, −2), (2, −2) ಮೇಲೆ ಸರಿಯಾಗಿ ಬಂದು ಕೂತಿತು. ಅವಳು ಕೂಗಿದ ಕೂಗಿಗೆ ಅವರಪ್ಪ ಒಳಗಿಂದ ಓಡಿ ಬಂದರು.

ಆಮೇಲೆ ಪಿನ್ನು ಮೂಲಬಿಂದುವಿಗೆ ಚುಚ್ಚಿ ತನ್ನ ಹಳೇ ಉತ್ತರವನ್ನೂ ಗೆರೆ ಎಳೆದಳು. ಎರಡೂ ತ್ರಿಭುಜ ಒಂದೇ ಹಾಳೆಯ ಮೇಲೆ. ಸ್ವಲ್ಪ ಹೊತ್ತು ನೋಡಿ, "ಅಮ್ಮ, ಎರಡೂ ಒಂದೇ ಥರ ನಿಂತಿವೆ. ಇದನ್ನು ಒಂದು ಮನೆ ಎಡಕ್ಕೆ, ಮೂರು ಮನೆ ಮೇಲಕ್ಕೆ ತಳ್ಳಿದರೆ ಅದೇ ಆಗುತ್ತದೆ" ಅಂದಳು. ಮೂರೂ ಶೃಂಗಕ್ಕೂ ಎಣಿಸಿದೆವು, ಹಾಗೇ ಇದೆ. ಇದು ಯಾವಾಗಲೂ ಹೀಗೆಯೇ, ಇಲ್ಲಾ ಈ ಲೆಕ್ಕಕ್ಕೆ ಮಾತ್ರವೇ?

ಮತ್ತೆ ಮುಂದಿನ ಲೆಕ್ಕ ಉಲ್ಟಾ ಇದೆ. ಎರಡು ತ್ರಿಭುಜ ಕೊಟ್ಟು ಕೇಂದ್ರ ಹುಡುಕಿ ಅಂತ.

ಮೈಸೂರು_ಮ್ಯಾಥ್ಸ್
ಎರಡನೆಯದಕ್ಕೆ ನಾನು ಹೇಳುತ್ತೇನೆ. ಎ ಮತ್ತು ಅದು ಹೋಗಿ ಕೂತ ಜಾಗ, ಎರಡೂ ಪಿನ್ನಿನಿಂದ ಒಂದೇ ದೂರ, ಯಾಕೆಂದರೆ ಕಡ್ಡಿಯ ಉದ್ದ ಬದಲಾಗಿಲ್ಲ. ಹಾಗಾಗಿ ಅವೆರಡನ್ನು ಸೇರಿಸುವ ಗೆರೆಯ ಲಂಬಾರ್ಧಕದ (ಆ ಗೆರೆಯನ್ನು ಸರಿ ನಡುವೆ ಲಂಬವಾಗಿ ಕಡಿಯುವ ಗೆರೆಯ) ಮೇಲೆ ಕೇಂದ್ರ ಇರಲೇಬೇಕು. ಇನ್ನೊಂದು ಜೋಡಿಗೂ ಲಂಬಾರ್ಧಕ ಎಳೆಯಿರಿ. ಎರಡೂ ಕೂಡುವ ಜಾಗವೇ ಕೇಂದ್ರ. ಇದೇ ಲೆಕ್ಕದಲ್ಲಿ ನೋಡಿ: (2, 1) ಹೋಗಿ (0, 1), ಅದರ ಲಂಬಾರ್ಧಕ ಎಕ್ಸ್ = 1 ಅನ್ನುವ ನೇರ ಗೆರೆ. ಸಿಗೂ ಎಳೆದರೆ ಆ ಗೆರೆಯನ್ನು (1, 2)ರಲ್ಲೇ ಕಡಿಯುತ್ತದೆ. ಕೈವಾರ ಹಿಡಿದು ಎಳೆಯಲಿ, ಚೆನ್ನಾಗಿರುತ್ತದೆ.

ಹಳ್ಳಿಶಾಲೆ ಮೇಷ್ಟ್ರು
ಮೊದಲನೆಯದು ನನಗಿರಲಿ. ಅಮ್ಮಾ, ನಿಮ್ಮ ಮಗಳು ನೋಡಿದ್ದನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ ಮೇಲೆ ನೋಡಿದ್ದು. ಹೌದು, ಯಾವಾಗಲೂ ಹೀಗೆಯೇ. ಎಷ್ಟು ತಿರುಗಬೇಕು ಅನ್ನುವುದನ್ನು ಡಿಗ್ರಿ ಹೇಳುತ್ತದೆ, ಎಲ್ಲಿ ಹೋಗಿ ಕೂರಬೇಕು ಅನ್ನುವುದನ್ನು ಮಾತ್ರ ಪಿನ್ನು ಹೇಳುತ್ತದೆ. ಅದಕ್ಕೇ ಕೇಂದ್ರ ಬದಲಾದರೆ ಆಕೃತಿ ನಿಂತ ರೀತಿ ಬದಲಾಗುವುದಿಲ್ಲ, ಜಾಗ ಸರಿಯುತ್ತದೆ ಅಷ್ಟೇ.

ಎಷ್ಟು ಸರಿಯುತ್ತದೆ ಅಂತ ತಿಳಿಯಲು ಒಂದು ಸುಲಭದ ದಾರಿ. (1, 2) ಬಿಂದುವನ್ನೇ ಮೂಲಬಿಂದುವಿನ ಸುತ್ತ ತಿರುಗಿಸಿ. (2, −1)ಕ್ಕೆ ಹೋಗುತ್ತದೆ. ಆದರೆ ಅದು ಪಿನ್ನು, ಅಲುಗಬಾರದು. ಮತ್ತೆ (1, 2)ಕ್ಕೆ ಎಳೆದು ತರಬೇಕಾದರೆ 1 ಎಡಕ್ಕೆ, 3 ಮೇಲಕ್ಕೆ. ಅವಳು ಎಣಿಸಿದ್ದೇ ಬಂತು.

ಈಗ ಅವಳಿಗೆ ನನ್ನದೊಂದು ಲೆಕ್ಕ: ಅದೇ ತ್ರಿಭುಜ, ಅದೇ (1, 2), ಆದರೆ 180 ಡಿಗ್ರಿ. ಮೂಲಬಿಂದುವಿನ ಸುತ್ತ ತಿರುಗಿಸಿದ್ದಕ್ಕೂ ಇದಕ್ಕೂ ಎಷ್ಟು ಅಂತರ? ಯಾರೂ ಉತ್ತರ ಹೇಳಬೇಡಿ.

ಜಯನಗರದ ಅಮ್ಮ
ಪಿನ್ನು ತೆಗೆದುಕೊಳ್ಳಲೇ ಇಲ್ಲ ಮೇಷ್ಟ್ರೇ, ಕೈಯಲ್ಲೇ ಎಣಿಸಿದಳು. 2 ಬಲಕ್ಕೆ, 4 ಮೇಲಕ್ಕೆ ಅಂತೆ. "ಪಿನ್ನು ಎಷ್ಟು ದೂರ ಇದೆಯೋ ಅದರ ಎರಡರಷ್ಟು" ಅಂತ ಬರೆದು ಎರಡು ಗೆರೆ ಎಳೆದಿದ್ದಾಳೆ.

ಹಳ್ಳಿಶಾಲೆ ಮೇಷ್ಟ್ರು
ಸರಿ ಇದೆ ಅಂತ ಹೇಳಿ ಅವಳಿಗೆ.